ದತ್ತಿಯಿಲ್ಲದ ಪ್ರಶಸ್ತಿ

ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ಒಂದು ಪ್ರಶಸ್ತಿಯ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಸೌಹಾರ್ದಕ್ಕಾಗಿ, ಸಹಬಾಳ್ವೆಗಾಗಿ ದುಡಿದವರಿಗೆ ಕೊಡುವ ಪ್ರಶಸ್ತಿ ಅದು. ಮೇಜಿನ ಮೇಲೆ ಹತ್ತೊಂಬತ್ತು ಫೈಲುಗಳಿದ್ದವು. ಎಲ್ಲದರಲ್ಲೂ ಅರ್ಜಿದಾರರೇ ಬರೆದುಕೊಂಡ ಸ್ವವಿವರ, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ, ಪತ್ರಿಕಾ ವರದಿಗಳ ಜೆರಾಕ್ಸ್, ಈ ಮೊದಲು ಪಡೆದ ಸನ್ಮಾನಗಳ ಪಟ್ಟಿ. ಇಫ್ತಾರ್ ಕೂಟದಲ್ಲಿ ಖರ್ಜೂರ ಹಿಡಿದು ನಿಂತ ಚಿತ್ರ, ಗಣೇಶನ ಮೆರವಣಿಗೆಗೆ ಪಾನಕ ಹಂಚಿದ ಚಿತ್ರ, ಮೂರು ಧರ್ಮದ ಗುರುಗಳ ನಡುವೆ ಕೈ ಮುಗಿದು ಕೂತ ಚಿತ್ರ. ಅಷ್ಟನ್ನೂ ತಿರುವಿ ಹಾಕಿದ ಮೇಲೆ ನಾನು ಕೇಳಿದೆ: "ಇವರಲ್ಲಿ ಯಾರಾದರೂ ಒಂದು ಜಗಳ ಬಿಡಿಸಿದ್ದು, ಒಬ್ಬರ ಮನೆ ಉಳಿಸಿದ್ದು, ಒಬ್ಬರಿಗೆ ಬಾಡಿಗೆಗೆ ಮನೆ ಕೊಡಿಸಿದ್ದು ಎಲ್ಲಾದರೂ ಇದೆಯೇ?" ಪಕ್ಕದಲ್ಲಿದ್ದ ಹಿರಿಯರು ಬೇಸರವಿಲ್ಲದೆ ಹೇಳಿದರು: "ಅದಕ್ಕೆಲ್ಲ ದಾಖಲೆ ಎಲ್ಲಿ ತರಾಣ ಸ್ವಾಮಿ? ಪೇಪರ್ ಕಟಿಂಗ್ ಇದ್ದೋರಿಗೆ ಕೊಡಾಣ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನಾನೂ ಅವತ್ತು ಸಹಿ ಹಾಕಿ ಎದ್ದು ಬಂದೆ. ಆದರೆ ಆ ಮಾತು ನನ್ನನ್ನು ಬಿಟ್ಟಿಲ್ಲ. ಕೂಡಿ ಬಾಳುವ ಕೆಲಸ ಯಾವುದೋ ಅದಕ್ಕೆ ದಾಖಲೆಯಿಲ್ಲ, ದಾಖಲೆ ಇರುವುದು ಅದರ ಪ್ರದರ್ಶನಕ್ಕೆ ಮಾತ್ರ. ಇದು ಗೊತ್ತಿದ್ದೂ ನಾವು ಪ್ರಶಸ್ತಿ ಕೊಡುತ್ತಲೇ ಇದ್ದೇವೆ. ನವೆಂಬರ್ ಬಂದರೆ ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಸಭಾಂಗಣಗಳು ಭರ್ತಿ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಇದನ್ನು ಪ್ರಶ್ನಿಸಿದರೆ ಬರುವ ಉತ್ತರ ಒಂದೇ: "ಒಳ್ಳೇದು ಮಾಡಿದವರನ್ನು ಗುರುತಿಸಿದರೆ ಇನ್ನು ನಾಲ್ಕು ಜನಕ್ಕೆ ಪ್ರೇರಣೆ ಆಗ್ತದೆ. ಅದರಿಂದ ಯಾರಿಗೇನು ನಷ್ಟ?"

ನಷ್ಟವಿದೆ ಎಂಬುದೇ ನನ್ನ ವಾದ.

ರಂಗಭೂಮಿಗೆ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಡುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ನಟನ ಕೆಲಸ ಎಲ್ಲರ ಕಣ್ಣೆದುರು ನಡೆದಿರುತ್ತದೆ; ಇಂಥವರು ಚೆನ್ನಾಗಿ ಮಾಡಿದರು ಎನ್ನಲು ಸಾವಿರ ಜನ ಸಾಕ್ಷಿ ಇರುತ್ತಾರೆ. ಸಹಬಾಳ್ವೆ ಹಾಗಲ್ಲ. ಅದು ಒಬ್ಬರು ಮಾಡುವ ಕೆಲಸವೇ ಅಲ್ಲ. ಅದಕ್ಕೆ ಕನಿಷ್ಠ ಇಬ್ಬರು ಬೇಕು, ಅವರ ನಡುವೆ ಏನಾದರೂ ಒಂದು ವ್ಯವಹಾರ ಬೇಕು, ಆ ವ್ಯವಹಾರ ಕೆಡುವ ಸಂದರ್ಭವೂ ಬರಬೇಕು, ಕೆಟ್ಟಾಗ ಇಬ್ಬರೂ ಸ್ವಲ್ಪ ಸ್ವಲ್ಪ ಸೋಲಬೇಕು. ಇಬ್ಬರಲ್ಲಿ ಒಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರೆ ಇನ್ನೊಬ್ಬರು ಸಹಿಸಲ್ಪಟ್ಟವರಾಗಿ ಕೆಳಗೆ ಕುರ್ಚಿಯಲ್ಲೇ ಉಳಿಯುತ್ತಾರೆ. "ಸಹಿಷ್ಣುತೆ" ಎಂಬ ಪದದಲ್ಲೇ ಆ ಏರುಪೇರು ಅಡಗಿದೆ. ಸಹಿಸಿಕೊಳ್ಳುವವರು ಯಾರು, ಯಾರನ್ನು ಸಹಿಸಿಕೊಳ್ಳುತ್ತಾರೆ? ತಲೆನೋವನ್ನು ಸಹಿಸಿಕೊಳ್ಳುತ್ತೇವೆ, ಬಿಸಿಲನ್ನು ಸಹಿಸಿಕೊಳ್ಳುತ್ತೇವೆ. ನೆರೆಮನೆಯವನನ್ನು ಸಹಿಸಿಕೊಂಡಿದ್ದಕ್ಕೆ ಸನ್ಮಾನವೆಂದರೆ ಆ ನೆರೆಮನೆಯವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇಕೆ? ಯುನೆಸ್ಕೊ 1995ರ ನವೆಂಬರ್ 16ರಂದು ಸಹಿಷ್ಣುತೆಯ ತತ್ತ್ವಗಳ ಘೋಷಣೆಯನ್ನು ಅಂಗೀಕರಿಸಿದಾಗ ಮೊದಲ ವಿಧಿಯಲ್ಲೇ ಇದು ರಿಯಾಯಿತಿಯೂ ಅಲ್ಲ, ದೊಡ್ಡವರು ಚಿಕ್ಕವರಿಗೆ ತೋರುವ ಕನಿಕರವೂ ಅಲ್ಲ ಎಂಬ ಅರ್ಥದ ಮಾತನ್ನು ಸೇರಿಸಬೇಕಾಯಿತು. ಪದ ಆ ಕಡೆಗೇ ಜಾರುತ್ತದೆ ಎಂದು ಬರೆದವರಿಗೂ ಗೊತ್ತಿತ್ತು.

ಇನ್ನು "ಪ್ರಶಸ್ತಿ" ಎಂಬ ಪದ. ನಮ್ಮ ಶಾಸನಗಳನ್ನು ಓದುವವರಿಗೆ ಇದರ ಹಳೆಯ ಅರ್ಥ ಗೊತ್ತು. ಶಾಸನದ ಆರಂಭದಲ್ಲಿ ರಾಜನನ್ನೋ ದಾನಿಯನ್ನೋ ಹೊಗಳುವ ಭಾಗ ಪ್ರಶಸ್ತಿ. ಅದು ಮುಗಿದ ಮೇಲೆ ಅಸಲು ವಿಷಯ ಬರುತ್ತದೆ: ಯಾವ ಭೂಮಿ ಬಿಟ್ಟರು, ಅದರ ಎಲ್ಲೆ ಯಾವುದು, ಯಾರು ನೋಡಿಕೊಳ್ಳಬೇಕು, ತಪ್ಪಿ ನಡೆದವರಿಗೆ ಏನು ಶಾಪ. ಅದು ದತ್ತಿಯ ಭಾಗ. ದತ್ತಿ ಇಲ್ಲದಿದ್ದರೆ ಆ ಕಲ್ಲು ಊರಿನ ಪಾಲಿಗೆ ಬರೀ ಹೊಗಳಿಕೆ. ನಾವೀಗ ಕೊಡುತ್ತಿರುವುದು ದತ್ತಿಯಿಲ್ಲದ ಪ್ರಶಸ್ತಿ.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು, ದೊಡ್ಡ ಮಣ್ಣಿನ ಗಣಪನಿಗೆ ಹೆಸರಾದ ಗೂಳೂರನ್ನು ದಾಟಿದರೆ ಕೈದಾಳ. ಜಕಣಾಚಾರಿಗೆ ಕೈ ಬಂದ ಕತೆಗಾಗಿ ಜನ ಅಲ್ಲಿಗೆ ಹೋಗುತ್ತಾರೆ, ಚೆನ್ನಕೇಶವನಿಗೆ ಕೈ ಮುಗಿದು ಬರುತ್ತಾರೆ. ಅಲ್ಲಿನ ಶಾಸನದ ಕತೆ ಕೇಳುವವರು ಕಡಿಮೆ. ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, ಅಂದರೆ 12ನೇ ಶತಮಾನದ ನಡುವಿನಲ್ಲಿ, ಈ ಭಾಗವನ್ನು ಆಳುತ್ತಿದ್ದ ಸಾಮಂತ ಗೂಳಿಬಾಚಿ. ಆತ ನಾಲ್ಕು ಸಮಯಗಳಿಗೆ, ಅಂದರೆ ಮತಗಳಿಗೆ, ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ ಇವಕ್ಕೆಲ್ಲ ಆಸರೆಯಾದವನು ಎಂದು ಶಾಸನ ಹೊಗಳುತ್ತದೆ. ಹೊಗಳಿ ಸುಮ್ಮನಾಗುವುದಿಲ್ಲ. ಶಿವನಿಗೆ ಗುಡಿ, ವಿಷ್ಣುವಿಗೆ ಗುಡಿ, ಜಿನನಿಗೆ ಬಸದಿ ಕಟ್ಟಿಸಿದ್ದನ್ನೂ ಹೇಳುತ್ತದೆ. ಹೊಗಳಿಕೆಯ ಹಿಂದೆ ಕಲ್ಲು, ಮಣ್ಣು, ನೆಲ ಇತ್ತು.

ಇದಕ್ಕಿಂತ ಮುಖ್ಯವಾದುದು ಇನ್ನೊಂದು ಶಾಸನ. 1368ರದ್ದು. ವಿಜಯನಗರದ ಬುಕ್ಕರಾಯನದು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಕುಣಿಗಲ್‌ಗೆ ನೆರೆಯ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೇ ತೀರ್ಪಿನ ಕಲ್ಲಿದೆ. ಶಾಲೆಯ ಪಾಠದಲ್ಲಿ ನಮಗೆ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು: ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಅಲ್ಲಿಗೆ ಅದು ಫೋಟೊಗೆ ನಿಂತ ಕೈಕುಲುಕುವಿಕೆಯಂತೆ ನೆನಪಿನಲ್ಲಿ ಉಳಿಯಿತು. ಆದರೆ ಶಾಸನವನ್ನು ಪೂರ್ತಿ ಓದಿದರೆ ಆ ಕೈಯಿಡುವುದು ಬರೀ ಆರಂಭ.

ಜಗಳ ಯಾವುದಕ್ಕೆ ಎದ್ದಿತ್ತು? ಪಂಚಮಹಾವಾದ್ಯ ಮತ್ತು ಕಳಶಕ್ಕೆ. ಅಂದರೆ ಯಾರು ಎಂಥ ವಾದ್ಯ ಬಾರಿಸಿಕೊಂಡು, ಯಾವ ಮರ್ಯಾದೆಯೊಂದಿಗೆ ನಡೆಯಬಹುದು ಎಂಬ ಪ್ರಶ್ನೆಗೆ. ಇವತ್ತು ನಮ್ಮ ಊರುಗಳಲ್ಲಿ ಪೊಲೀಸರು ಮೆರವಣಿಗೆಯ ದಾರಿ ಗುರುತಿಸುತ್ತಾ, ಡಿಜೆ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ಮಾತಾಡುವುದೂ ಅದೇ ಪ್ರಶ್ನೆ. ಆರೂವರೆ ಶತಮಾನ ಕಳೆದರೂ ಜಗಳದ ವಸ್ತು ಬದಲಾಗಿಲ್ಲ. ಜೈನರು ರಾಜನಿಗೆ ದೂರು ಕೊಟ್ಟರು. ರಾಜ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಸೇರಿಸಿದ. ಎರಡೂ ಕಡೆಯವರು ಎದುರೆದುರು ಇರುವಾಗಲೇ ತೀರ್ಪಾಯಿತು. ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಹಿಂದಿನಂತೆಯೇ ಸಲ್ಲಬೇಕು. ಭಕ್ತರಿಂದ, ಅಂದರೆ ವೈಷ್ಣವರಿಂದ, ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ವೈಷ್ಣವರು ಅದನ್ನು ತಮ್ಮದೇ ಎಂದು ತಿಳಿಯಬೇಕು. ಈ ಆಜ್ಞೆಯ ಕಲ್ಲನ್ನು ಬಸದಿಗಳಲ್ಲಿ ನೆಡಬೇಕು.

ಅಲ್ಲಿಗೂ ಮುಗಿಯಲಿಲ್ಲ. ರಾಜ್ಯದ ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು. ಎತ್ತುವ ಹೊಣೆ ತಿರುಮಲೆಯ ತಾತಯ್ಯನದು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದ ದುಡ್ಡಿನಲ್ಲಿ ಹಾಳುಬಿದ್ದ ಜಿನಾಲಯಗಳನ್ನು ದುರಸ್ತಿ ಮಾಡಿಸಿ ಸುಣ್ಣ ಬಳಿಸಬೇಕು. ಇಲ್ಲಿ ನಿಂತು ಯೋಚಿಸಬೇಕು. ದುಡ್ಡು ಜೈನರದು, ಅದನ್ನು ಎತ್ತಿ, ಕಾವಲಿಟ್ಟು, ಬಸದಿಗೆ ಸುಣ್ಣ ಬಳಿಸುವ ಹೊಣೆ ವೈಷ್ಣವನದು. ಯಾರಿಂದ ಹಾನಿಯಾಗಿತ್ತೋ ಅವರಿಗೇ ಕಾಯುವ ಕೆಲಸ. ಇದನ್ನು ಮುರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂಬ ಎಚ್ಚರಿಕೆಯೂ ಇದೆ.

ಎಲ್ಲ ಮುಗಿದ ಮೇಲೆ, ಕಲ್ಲಿನ ಕೊನೆಯಲ್ಲಿ, ಒಂದು ಬಿರುದಿನ ಮಾತು ಬರುತ್ತದೆ. ಕಲ್ಲೇಹದ, ಅಂದರೆ ಕಲ್ಯದ, ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ರಾಜನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಈ ವ್ಯವಸ್ಥೆಯನ್ನು ಜೀರ್ಣೋದ್ಧಾರ ಮಾಡಿಸಿದ. ಅದಕ್ಕೆ ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟ ಕಟ್ಟಿದರು. ನಮ್ಮ ನೆಲದಲ್ಲಿ ಸಹಬಾಳ್ವೆಗೆ ಸಂದ ಒಂದು ಗೌರವ ಇದು. ಕೊಟ್ಟವರು ರಾಜನಲ್ಲ, ಮಠವಲ್ಲ, ಮೂರನೆಯ ಸಂಸ್ಥೆಯೂ ಅಲ್ಲ. ಜಗಳವಾಡಿದ ಎರಡೂ ಪಕ್ಷಗಳು. ಕೊಟ್ಟಿದ್ದು ಕೆಲಸ ನಡೆದ ಮೇಲೆ. ಬುಸುವಿಸೆಟ್ಟಿ ಸ್ವವಿವರ ಬರೆದು ಅರ್ಜಿ ಹಾಕಿರಲಿಲ್ಲ.

ನಮ್ಮ ಇವತ್ತಿನ ಪ್ರಶಸ್ತಿಗಳನ್ನು ಈ ಕಲ್ಲಿನ ಪಕ್ಕ ಇಟ್ಟು ನೋಡಿ. ಒಂದು ಪಕ್ಷ ಇರುವುದಿಲ್ಲ, ಇದ್ದರೂ ಚಿತ್ರಕ್ಕೆ ಮಾತ್ರ. ಕಾವಲಿನ ಮಾತಿಲ್ಲ, ಖರ್ಚಿನ ಮಾತಿಲ್ಲ, ತಪ್ಪಿದರೆ ಏನು ಎಂಬ ಮಾತಿಲ್ಲ.

ಪ್ರಶಸ್ತಿ ನಮ್ಮ ದೃಷ್ಟಿಯನ್ನು ಹೇಗೆ ತಪ್ಪಿಸುತ್ತದೆ ಎಂಬುದಕ್ಕೆ ತುಮಕೂರಿನವರು ದೂರ ಹೋಗಬೇಕಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದರು. 111 ವರ್ಷದ ಬದುಕು. ಅವರ ಕಾಲದಲ್ಲಿ ಮಠದ ವಿದ್ಯಾರ್ಥಿನಿಲಯದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು, ಎಲ್ಲ ಜಾತಿಯವರು, ಎಲ್ಲ ಧರ್ಮದವರು, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ಮುದ್ದೆ ಉಂಡು ಓದಿದರು. ಈ ಜಿಲ್ಲೆಯಲ್ಲಿ ಯಾವ ಹಳ್ಳಿಗೆ ಹೋದರೂ ಮಠದಲ್ಲಿ ಓದಿದ ಒಬ್ಬರು ಸಿಗುತ್ತಾರೆ. ಸ್ವಾಮೀಜಿಗೆ 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂತು. ಅವರು ಹೋದ ದಿನದಿಂದ ನಾಡು ಮಾತಾಡಿದ್ದು ಏನನ್ನು? ಭಾರತ ರತ್ನ ಯಾಕೆ ಕೊಡಲಿಲ್ಲ ಎಂಬುದನ್ನು. ಜನವರಿ ಬಂದಾಗಲೆಲ್ಲ ಅದೇ ಬೇಡಿಕೆ, ಅದೇ ನಿರಾಸೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಇಪ್ಪತ್ತನೇ ಶತಮಾನದ ಆರಂಭದಿಂದ ಮೈಸೂರು ಸೀಮೆಯಲ್ಲಿ ವಿದ್ಯಾರ್ಥಿನಿಲಯ ಎಂದರೆ ಜಾತಿಯ ವಿದ್ಯಾರ್ಥಿನಿಲಯ ಎಂದೇ ಅಭ್ಯಾಸವಾಗಿಬಿಟ್ಟಿತು. ಒಂದೊಂದು ಸಮುದಾಯ ತನ್ನ ಮಕ್ಕಳಿಗಾಗಿ ಒಂದೊಂದು ಕಟ್ಟಿಕೊಂಡಿತು. ಹಿಂದುಳಿದಿದ್ದ ಮಕ್ಕಳಿಗೆ ಅವು ಆಸರೆಯಾದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿದ್ಧಗಂಗೆಯ ಹಾದಿಯಲ್ಲಿ ಅವುಗಳಲ್ಲಿ ಎಷ್ಟು ಬಾಗಿಲು ತೆರೆದವು? ಸ್ವಾಮೀಜಿಯವರನ್ನು ಹಾಡಿ ಹೊಗಳುವ ಸಂಸ್ಥೆಗಳಲ್ಲಿ ಎಷ್ಟು ಜನ ತಮ್ಮ ಪಂಕ್ತಿಯಲ್ಲಿ ಬೇರೆ ಧರ್ಮದ ಹತ್ತು ಮಕ್ಕಳನ್ನು ಕೂರಿಸಿದರು? ಪ್ರೇರಣೆಯ ವಾದ ನಿಜವಾಗಿದ್ದರೆ ಮೊದಲು ಫಲ ಕಾಣಬೇಕಾಗಿದ್ದುದು ಇಲ್ಲಿ. ಸಿಗದ ಪ್ರಶಸ್ತಿಗಾಗಿ ದುಃಖಪಡುವುದು ಸುಲಭ, ಪಂಕ್ತಿ ಉದ್ದ ಮಾಡುವುದು ಕಷ್ಟ.

"ಆದರೂ ಇಬ್ರಾಹಿಂ ಸುತಾರರಿಗೆ ಪದ್ಮಶ್ರೀ ಬಂತಲ್ಲ" ಎನ್ನುತ್ತಾರೆ. ಬಂತು, 2018ರಲ್ಲಿ. ಸಂತೋಷವೇ. ಮಹಾಲಿಂಗಪುರದ ಆ ಹಿರಿಯರು ಭಜನೆ, ಪ್ರವಚನ, ತತ್ತ್ವಪದ ಹಿಡಿದು ಊರೂರು ತಿರುಗಿದವರು; ಜನ ಅವರನ್ನು ಕನ್ನಡದ ಕಬೀರ ಎಂದು ಕರೆದಿದ್ದು ದೆಹಲಿ ಗುರುತಿಸುವ ಮೊದಲೇ. ಅವರು ತೀರಿಕೊಂಡಿದ್ದು 2022ರ ಫೆಬ್ರುವರಿ 5ರಂದು. ಎಲ್ಲ ಪಕ್ಷದವರೂ ಸಂತಾಪ ಹೇಳಿದರು, ಸೌಹಾರ್ದದ ಹರಿಕಾರ ಎಂದರು. ಮರುತಿಂಗಳು, ಮಾರ್ಚ್‌ನಲ್ಲಿ, ಇದೇ ಕರ್ನಾಟಕದ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು ಎಂಬ ಬ್ಯಾನರುಗಳು ಎದ್ದವು. ಕಾಪುವಿನಲ್ಲಿ ಶುರುವಾಗಿ ಜಿಲ್ಲೆಯಿಂದ ಜಿಲ್ಲೆಗೆ ಹರಡಿತು. ಆಗ ವಿಧಾನಸಭೆಯಲ್ಲಿ ಸರ್ಕಾರದ ಕಡೆಯಿಂದ ಒಂದು ನಿಯಮವನ್ನು ಓದಿ ಹೇಳಲಾಯಿತು: ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ 2002ರ ನಿಯಮಾವಳಿಯ 31ನೇ ನಿಯಮ, 12ನೇ ಉಪನಿಯಮ. ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲ ಎನ್ನುತ್ತದೆ ಅದು. ಸ್ಥಿರಾಸ್ತಿಯ ಗುತ್ತಿಗೆಗಾಗಿ ಬರೆದ ಮಾತನ್ನು ಮೂರು ದಿನ ಟಾರ್ಪಾಲು ಕಟ್ಟಿ ಬಳೆ, ಪೀಪಿ, ಪ್ಲಾಸ್ಟಿಕ್ ಗೊಂಬೆ ಮಾರುವವರ ಮೇಲೂ ಎಳೆದು ಹಾಕಲಾಯಿತು.

ಕೂಡಿ ಬಾಳುವ ಬದುಕು ಉಳಿಯುವುದೂ ಸಾಯುವುದೂ ಇಂಥ ಉಪನಿಯಮದಲ್ಲಿ. ಅದನ್ನು ತಿದ್ದುವುದು ಶಾಸಕರ ಕೈಯಲ್ಲಿರುವ ಕೆಲಸ, ಅದನ್ನು ಎಲ್ಲಿಯವರೆಗೆ ಎಳೆಯಬಹುದು ಎಂದು ಗೆರೆ ಹಾಕುವುದು ಅಧಿಕಾರಿಗಳ ಕೈಯಲ್ಲಿರುವ ಕೆಲಸ. ಅದೇ 2022ರ ಏಪ್ರಿಲ್‌ನಲ್ಲಿ ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣದ ಹಳೆಯ ವಾಡಿಕೆ ಬೇಡ ಎಂಬ ಒತ್ತಡ ಬಂದಾಗ ಮುಜರಾಯಿ ಇಲಾಖೆ ವಾಡಿಕೆ ನಡೆಯಲಿ ಎಂದಿತು, ನಡೆಯಿತು. ಒಂದು ಪುಟದ ಆದೇಶ ಮಾಡಿದ ಆ ಕೆಲಸವನ್ನು ನೂರು ಸನ್ಮಾನ ಸಮಾರಂಭ ಮಾಡಲಾರದು. ಹೀಗಿರುವಾಗ ಅಧಿಕಾರ ಇರುವವರೇ ಪ್ರಶಸ್ತಿ ಪ್ರದಾನ ಮಾಡಲು ಬಂದು ಕೂರುವುದನ್ನು ನಾನು ಒಪ್ಪಲಾರೆ. ಆದೇಶ ಬರೆಯಬೇಕಾದ ಕೈ ಶಾಲು ಹೊದಿಸಿ ಮನೆಗೆ ಹೋಗುತ್ತದೆ. ಹೊದಿಸಿದ್ದೇ ಕೆಲಸವೆಂದು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಾನು ಹೇಳಿದ ನಷ್ಟ ಇದೇ.

ಕೆಲಸ ಎಲ್ಲಿ ನಡೆಯುತ್ತದೆ ಎಂಬುದನ್ನು ಒಂದಿಷ್ಟು ಹತ್ತಿರದಿಂದ ಹೇಳುತ್ತೇನೆ. ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ತಂದೆಯ ಕಾಲದಿಂದ ಒಂದು ಅಡಿಕೆ ತೋಟವಿದೆ. ನಮ್ಮ ಕಡೆ ಬಹಳಷ್ಟು ತೋಟಗಳನ್ನು ಚೇಣಿಗೆ ಕೊಡುತ್ತಾರೆ. ಚೇಣಿದಾರ ಕೊಯಿಲಿಗೆ ಮುಂಚೆ ಬಂದು, ಸಾಲು ಸಾಲು ಓಡಾಡಿ, ತಲೆ ಎತ್ತಿ ಗೊನೆ ನೋಡಿ, ಇಷ್ಟು ಎಂದು ಅಂದಾಜು ಕಟ್ಟಿ ಮುಂಗಡ ಕೊಡುತ್ತಾನೆ. ಕೊಯ್ಯುವುದು, ಸುಲಿಸುವುದು, ಬೇಯಿಸಿ ಒಣಗಿಸಿ ಮಂಡಿಗೆ ಸಾಗಿಸುವುದು ಎಲ್ಲ ಅವನದು. ಪತ್ರವಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಮಾತೇ ಎಲ್ಲ. ನಮ್ಮ ತೋಟ ಹಿಡಿಯುತ್ತಿದ್ದವರು ಗುಬ್ಬಿಯ ಒಬ್ಬ ಸಾಹೇಬರು. ಒಂದು ವರ್ಷ ಬೋರು ನಿಂತು ಹರಳು ಉದುರಿಹೋಯಿತು. ಸಾಹೇಬರು ಜಗಲಿಯ ತುದಿಯಲ್ಲಿ ಕೂತು, "ಗೌಡ್ರೆ, ಹಾಕಿದ್ ಮುಂಗಡನೂ ಹುಟ್ಟಲ್ಲ ಈ ಸಲ" ಎಂದರು. ನಮ್ಮ ತಂದೆ, "ಮಾತಂದ್ರೆ ಮಾತು ಸಾಬ್ರೆ, ನೀರಿಲ್ದಿದ್ದು ನೀವೂ ನೋಡೇ ಹಿಡಿದ್ರಿ" ಎಂದರು. ಮೂರು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಕೊನೆಗೆ ಮಂಡಿಯ ಒಬ್ಬ ಮುದುಕರು ಇಬ್ಬರನ್ನೂ ಕೂರಿಸಿ ನಷ್ಟವನ್ನು ಅರ್ಧ ಅರ್ಧ ಹೊರಿಸಿದರು. ಇಬ್ಬರೂ ಗೊಣಗುತ್ತಲೇ ಒಪ್ಪಿದರು. ಮರುವರ್ಷ ಅದೇ ತೋಟ, ಅದೇ ಸಾಹೇಬರು. ಮುಂಗಡದ ನೋಟುಗಳನ್ನು ನಮ್ಮ ತಾಯಿ ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದು ನನಗೆ ನೆನಪಿದೆ.

2022ರ ಏಪ್ರಿಲ್‌ನಲ್ಲಿ ಮಾವಿನ ವ್ಯಾಪಾರದಿಂದ ಮುಸ್ಲಿಮರನ್ನು ದೂರವಿಡಿ ಎಂಬ ಕರೆ ಎದ್ದಾಗ ನಾನು ನೆನೆಸಿಕೊಂಡಿದ್ದು ಆ ಜಗಲಿಯನ್ನು. ಆ ಕರೆ ಮುರಿಯಲು ಹೊರಟಿದ್ದು ಯಾವುದೋ ಆದರ್ಶವನ್ನಲ್ಲ. ಇಂಥ ಮುಂಗಡವನ್ನು, ಇಂಥ ಬಾಯಿಮಾತನ್ನು, ಜಗಳವಾಡಿಯೂ ಮತ್ತೆ ಕೂಡುವ ಈ ಅನುಕೂಲವನ್ನು. ಆ ಮಂಡಿಯ ಮುದುಕರ ಫೈಲು ಯಾವ ಆಯ್ಕೆ ಸಮಿತಿಯ ಮುಂದೆಯೂ ಬರುವುದಿಲ್ಲ. ಅವರಿಗೆ ಪ್ರಶಸ್ತಿ ಕೊಡಿ ಎಂದು ನಾನು ಕೇಳುತ್ತಲೂ ಇಲ್ಲ. ಅವರನ್ನು ವೇದಿಕೆಗೆ ಹತ್ತಿಸಿ ಸೌಹಾರ್ದದ ಮೂರ್ತಿ ಎಂದು ಕರೆದ ದಿನ, ಅರ್ಧ ಅರ್ಧ ಹೊರಿಸುವ ಅವರ ನ್ಯಾಯ ದಿನನಿತ್ಯದ ನ್ಯಾಯವಾಗಿ ಉಳಿಯುವುದಿಲ್ಲ. ಎಲ್ಲರೂ ಮಾಡಲೇಬೇಕಾದುದನ್ನು ಯಾರೋ ಒಬ್ಬರು ಮಾಡಿದ ಸಾಧನೆ ಎಂದು ನಾವು ಊರಿಗೆ ಹೇಳಿಕೊಟ್ಟಂತಾಗುತ್ತದೆ.

ಎಲ್ಲ ಗೌರವವೂ ಬೇಡ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಕೇಂದ್ರ ಸರ್ಕಾರದ ಕಬೀರ್ ಪುರಸ್ಕಾರವನ್ನು ನೋಡಿ. ಗಲಭೆಯ ಹೊತ್ತಿನಲ್ಲಿ ತನ್ನವರಲ್ಲದವರ ಜೀವವನ್ನು ಉಳಿಸಿದವರಿಗಾಗಿ ಅದನ್ನು ಸ್ಥಾಪಿಸಿದರು. ಅಲ್ಲಿ ಮುಖ್ಯವಾಗುವುದು ಕೃತ್ಯ. ಉಳಿದ ಒಂದು ಜೀವವೇ ಅದಕ್ಕೆ ದಾಖಲೆ. ಅಂಥದ್ದಕ್ಕೆ ತಲೆಬಾಗುತ್ತೇನೆ. ಗೌರವಕ್ಕೆ ಗೌರವದ ಬೆಲೆ ಇರಬೇಕಾದರೆ ಕೊಡುವವರ ಮೇಲೆ ಹೊರೆ ಬೀಳಬೇಕು. ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಚಪ್ಪಾಳೆ ತಟ್ಟುವುದಕ್ಕೆ ಯಾರಿಗೂ ಖರ್ಚಾಗಲಿಲ್ಲ. ಅವರು ದಸರಾ ಉದ್ಘಾಟಿಸಲಿ ಎಂದು ಸರ್ಕಾರ ಕರೆದಾಗ ವಿರೋಧ ಎದ್ದಿತು, ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿ ವಜಾ ಆದವು, ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟಿಸಿದರು. ಕರೆದವರು ಕರೆದ ಮಾತಿಗೆ ನಿಂತರು. ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದು ಆ ನಿಲುವನ್ನು.

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಇಂಥ ಪ್ರಶಸ್ತಿ ನಡೆಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಈ ವರ್ಷ ಅರ್ಜಿ ಕರೆಯಬೇಡಿ. ಸಭಾಂಗಣದ ಬಾಡಿಗೆ, ಶಾಲು, ಊಟದ ದುಡ್ಡನ್ನು ಒಟ್ಟು ಮಾಡಿ, ನಿಮ್ಮ ಊರಿನಲ್ಲಿ ಧರ್ಮದ ಕಾರಣಕ್ಕೆ ಬಾಡಿಗೆ ಮನೆ ಸಿಗದೆ ಅಲೆಯುತ್ತಿರುವ ಒಂದು ಕುಟುಂಬದ ಮುಂಗಡಕ್ಕೆ ಕೊಡಿ, ಮನೆಯ ಮಾಲೀಕರ ಹತ್ತಿರ ನೀವೇ ಹೋಗಿ ಕೂತು ಮಾತಾಡಿ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆ, ಯಡಿಯೂರಿನ ತೇರು, ಗುಬ್ಬಿ ಚನ್ನಬಸವೇಶ್ವರನ ಜಾತ್ರೆ ಬಂದಾಗ ಅಂಗಡಿ ಸಾಲಿನಲ್ಲಿ ಯಾರನ್ನೂ ಎಬ್ಬಿಸದಂತೆ ಅಲ್ಲಿ ಹೋಗಿ ನಿಲ್ಲಿ. ಬುಕ್ಕರಾಯ ಇಪ್ಪತ್ತು ಜನರನ್ನು ಇಡಿಸಿದ್ದ, ನಿಮ್ಮಿಂದ ಹತ್ತು ಜನ ಆದರೂ ಸಾಕು. ನಿಮ್ಮ ಶಾಸಕರಿಗೆ 31ನೇ ನಿಯಮದ ಬಗ್ಗೆ ಕಾಗದ ಬರೆಯಿರಿ. ಇಷ್ಟು ಮಾಡಿದ ಮೇಲೂ ಯಾರನ್ನಾದರೂ ಗೌರವಿಸಲೇಬೇಕು ಅನ್ನಿಸಿದರೆ, ಜಗಳವಾಡಿದ್ದ ಎರಡು ಕಡೆಯವರೂ ಒಟ್ಟಿಗೆ ಬಂದು ಇಂಥವರಿಗೆ ಎಂದು ಹೆಸರು ಹೇಳುವವರೆಗೆ ಕಾಯಿರಿ.

ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ತುಮಕೂರಿನಿಂದ ಹೊರಟು ಕೈದಾಳ ನೋಡಿ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ದಾಟಿ, ಹಿರೀಸಾವೆಯ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿ. ಬೆಟ್ಟ ಹತ್ತಬೇಕಾಗಿಲ್ಲ. ಭಂಡಾರಿ ಬಸದಿ ಊರಿನೊಳಗೇ ಇದೆ, 1368ರ ಕಲ್ಲೂ ಅಲ್ಲೇ ಇದೆ. ಬುಸುವಿಸೆಟ್ಟಿಯ ಹೆಸರು ಅದರ ಕಟ್ಟಕೊನೆಯಲ್ಲಿದೆ.